ಬಾಲವಿಲ್ಲದ ವಿಮಾನವನ್ನು ಮನೆಯಲ್ಲೇ ಮಾಡುವುದು ಹೇಗೆ

"ಟೀಚರ್, ಇದರ ಬಾಲ ಎಲ್ಲುಂಟು?"

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪೇಪರಿನಿಂದ ಕತ್ತರಿಸಿ ತಂದ ಚಿತ್ರವನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದ್ದಳು. ತೊರಕೆ ಮೀನಿನ ಹಾಗೆ ಚಪ್ಪಟೆಯಾಗಿ ಹರಡಿಕೊಂಡ ವಿಮಾನ. ಕೊಳವೆಯಂಥ ಮೈ ಇಲ್ಲ, ಹಿಂದೆ ಬಾಲ ಇಲ್ಲ, ಮೈಯೇ ರೆಕ್ಕೆ. ಮುಂದಿನ ಕಾಲದ ಪ್ರಯಾಣಿಕ ವಿಮಾನ ಹೀಗಿರಬಹುದು ಎಂದು ಕೆಳಗೆ ಬರೆದಿತ್ತು. ಕಾಸರಗೋಡಿನ ಪೆರ್ಲದ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಫಿಸಿಕ್ಸ್ ಕಲಿಸುತ್ತೇನೆ. ಅಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸಿದೆ. ಹುಡುಗಿ ತಲೆಯಾಡಿಸಿದಳು, ಆದರೆ ಅವಳಿಗೆ ಅರ್ಥವಾಗಿಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು. ಮರುದಿನ ಥರ್ಮಾಕೋಲ್ ತಂದು ಎಲ್ಲರೂ ಸೇರಿ ಕತ್ತರಿಸಿದೆವು. ಅಂದಿನಿಂದ ಪ್ರತಿವರ್ಷ ಮಳೆ ಬಿಟ್ಟ ಮೇಲೆ ಎಂಟನೆಯವರಿಂದ ಇದನ್ನು ಮಾಡಿಸುತ್ತೇನೆ. ನೀವೂ ಮಾಡಿ. ಒಂದು ಮಧ್ಯಾಹ್ನ ಕತ್ತರಿಸಿ ಅಂಟಿಸುವುದಕ್ಕೆ, ಮರುದಿನ ಬೆಳಿಗ್ಗೆ ಹಾರಿಸುವುದಕ್ಕೆ ಸಾಕು.

ಬೇಕಾದ ಸಾಮಾನು

6 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ಹಾಳೆ ಒಂದು. ಹಿಡಿಸೂಡಿಯಿಂದ ಎಳೆದ ನೇರವಾದ ಎರಡು ತೆಂಗಿನ ಕಡ್ಡಿ. ಒಂದು ಹಳೆಯ ಮದುವೆ ಕಾಗದ, ದಪ್ಪನೆಯದು. ಫೆವಿಕಾಲ್, ಸೆಲ್ಲೋಟೇಪು, ಹೊಸ ಬ್ಲೇಡು, ಸ್ಯಾಂಡ್ ಪೇಪರ್, ಒಂದು ರೂಪಾಯಿಯ ಹೊಸ ನಾಣ್ಯ, ಸ್ವಲ್ಪ ಆಟದ ಕ್ಲೇ.

ಅಂಟಿನ ವಿಷಯದಲ್ಲಿ ಜಾಗ್ರತೆ ಬೇಕು. ತಕ್ಷಣ ಹಿಡಿಯುವ ಅಂಟುಗಳು, ಚಪ್ಪಲಿಗೆ ಹಾಕುವ ಹಳದಿ ಅಂಟು, ಇವೆಲ್ಲ ಥರ್ಮಾಕೋಲನ್ನು ಕರಗಿಸಿ ಗುಳಿ ಮಾಡುತ್ತವೆ. ಫೆವಿಕಾಲ್ ಒಣಗುವುದು ನಿಧಾನ, ರಾತ್ರಿಯಿಡೀ ಬಿಡಬೇಕಾಗುತ್ತದೆ, ಆದರೂ ಅದೇ ಸರಿ. ಕತ್ತರಿಸುವಾಗ ಉದುರುವ ಬಿಳಿ ಕಾಳುಗಳನ್ನು ಆಗಲೇ ಗುಡಿಸಿ ಚೀಲಕ್ಕೆ ತುಂಬಿ. ಗಾಳಿಗೆ ಹಾರಿ ತೋಡಿಗೆ ಬಿದ್ದರೆ ಅವು ಕೊಳೆಯುವ ವಸ್ತುವಲ್ಲ.

ಥರ್ಮಾಕೋಲ್ ಯಾಕೆ, ಅಡಕೆ ಹಾಳೆ ಸಾಲದೇ ಎಂದು ಒಬ್ಬ ಹುಡುಗ ಒಂದು ವರ್ಷ ಹಟ ಹಿಡಿದ. ಮಾಡಿಕೊಂಡು ಬಂದ. ಚೆಂದದ ಕೆಲಸ, ಗಟ್ಟಿಮುಟ್ಟು. ಆದರೆ ಅದೇ ಅಳತೆಯ ಥರ್ಮಾಕೋಲ್ ರೆಕ್ಕೆಗಿಂತ ಎಷ್ಟೋ ಪಾಲು ಭಾರ. ಹಾರಿತು, ಆದರೆ ಕಲ್ಲಿನ ವೇಗದಲ್ಲಿ ಹೋಗಿ ಗೋಡೆಗೆ ಬಡಿಯಿತು. ರೆಕ್ಕೆಯ ಪ್ರತಿ ಚದರಡಿಯ ಮೇಲೆ ಭಾರ ಹೆಚ್ಚಾದಷ್ಟೂ ವಿಮಾನ ಆಕಾಶದಲ್ಲಿ ನಿಲ್ಲಲು ಹೆಚ್ಚು ವೇಗದಲ್ಲಿ ಹೋಗಲೇಬೇಕು. ನಮಗೆ ಬೇಕಾದದ್ದು ಬಿರುಸಾಗಿ ನಡೆಯುವವರ ವೇಗದಲ್ಲಿ ಹಾರುವ ವಿಮಾನ. ಆಗ ಮಾತ್ರ ಅದು ಏನು ಮಾಡುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ.

ಕತ್ತರಿಸುವುದು

ಮೊದಲು ರಟ್ಟಿನಲ್ಲಿ ಅರ್ಧ ರೆಕ್ಕೆಯ ಮಾದರಿ ಮಾಡಿಕೊಳ್ಳಿ. 12 ಸೆಂ.ಮೀ. ಉದ್ದದ ನೇರ ಗೆರೆ ಎಳೆಯಿರಿ. ಇದು ವಿಮಾನದ ನಡುಗೆರೆ. ಇದರ ಮೇಲಿನ ತುದಿಯೇ ಮೂಗು. ಅಲ್ಲಿಂದ 30 ಸೆಂ.ಮೀ. ಬಲಕ್ಕೆ, ಇದಕ್ಕೆ ಸಮಾನಾಂತರವಾಗಿ ಇನ್ನೊಂದು 12 ಸೆಂ.ಮೀ. ಗೆರೆ. ಆದರೆ ಅದನ್ನು 12 ಸೆಂ.ಮೀ. ಹಿಂದಕ್ಕೆ ಜಾರಿಸಿ ಎಳೆಯಿರಿ. ಎರಡು ಗೆರೆಗಳ ತುದಿಗಳನ್ನು ಸೇರಿಸಿದರೆ ಓರೆಯಾಗಿ ಹಿಂದಕ್ಕೆ ಬಾಗಿದ ರೆಕ್ಕೆ ಸಿಗುತ್ತದೆ. ಮಾದರಿಯನ್ನು ಥರ್ಮಾಕೋಲ್ ಮೇಲಿಟ್ಟು ಒಂದು ಸಲ, ಮಗುಚಿ ಹಾಕಿ ಇನ್ನೊಂದು ಸಲ ಕತ್ತರಿಸಿ. ಬ್ಲೇಡನ್ನು ಮಲಗಿಸಿ ಹಿಡಿದು, ಒತ್ತದೆ, ಎರಡು ಮೂರು ಸಲ ಎಳೆಯಬೇಕು. ಒಂದೇ ಏಟಿಗೆ ಕತ್ತರಿಸಲು ಹೋದರೆ ಅಂಚು ಕಿತ್ತು ಬರುತ್ತದೆ.

ಮುಂದಂಚನ್ನು ಸ್ಯಾಂಡ್ ಪೇಪರಿನಿಂದ ಉರುಟು ಮಾಡಿ, ಹಿಂದಂಚನ್ನು ತೆಳ್ಳಗೆ ಮಾಡಿ. ಎರಡೂ ಭಾಗಗಳನ್ನು ನಡುವೆ ಫೆವಿಕಾಲ್ ಹಾಕಿ ಸೇರಿಸಿ, ಎರಡೂ ತುದಿಗಳ ಕೆಳಗೆ 2 ಸೆಂ.ಮೀ. ಎತ್ತರದ ಪುಸ್ತಕ ಇಟ್ಟು ಒಣಗಲು ಬಿಡಿ. ಹಕ್ಕಿ ರೆಕ್ಕೆ ತುಸು ಎತ್ತಿ ತೇಲುವ ಹಾಗೆ ಕಾಣಬೇಕು. ತೆಂಗಿನ ಕಡ್ಡಿಗಳನ್ನು ಮುಂದಂಚಿನಿಂದ ಒಂದು ಬೆರಳು ಹಿಂದೆ, ಕೆಳಬದಿಯಲ್ಲಿ ಅಂಟಿಸಿ. ಅಷ್ಟು ಸಣ್ಣ ಕಡ್ಡಿ ಇಡೀ ರೆಕ್ಕೆಯನ್ನು ಬಗ್ಗದಂತೆ ಹಿಡಿಯುವುದನ್ನು ಪ್ರತಿವರ್ಷ ಮಕ್ಕಳು ಬೆರಗಿನಿಂದ ಮುಟ್ಟಿ ಮುಟ್ಟಿ ನೋಡುತ್ತಾರೆ.

ಮದುವೆ ಕಾಗದದಿಂದ 12 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ. ರೆಕ್ಕೆಯ ಹೊರತುದಿಯ ಕಡೆ, ಹಿಂದಂಚಿಗೆ, ಅರ್ಧ ಅಗಲ ಒಳಗೆ ಅರ್ಧ ಹೊರಗೆ ಬರುವಂತೆ ಅಂಟಿಸಿ. ಹೊರಗುಳಿದ ಭಾಗವನ್ನು 3 ಮಿ.ಮೀ. ಮೇಲಕ್ಕೆ ಬಗ್ಗಿಸಿ. ಬಾಲವಿಲ್ಲದ ವಿಮಾನದ ಬಾಲ ಇದೇ. ಎರಡು ತುದಿಗಳಲ್ಲೂ 6 ಸೆಂ.ಮೀ. ಎತ್ತರದ ಕಾಗದದ ತ್ರಿಕೋನವನ್ನು ನೆಟ್ಟಗೆ ನಿಲ್ಲಿಸಿ. ಹಿಡಿದುಕೊಳ್ಳಲು ಹೊಟ್ಟೆಯ ಕೆಳಗೆ ಎರಡು ಬೆರಳಗಲದ ಕಾಗದದ ಮಡಿಕೆ ಒಂದನ್ನು ಉದ್ದಕ್ಕೆ ಅಂಟಿಸಿ.

ತೂಕವನ್ನು ಸರಿಯಾದ ಕಡೆ ಕೂರಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ. ಅವಸರ ಮಾಡಬೇಡಿ.

ಅಡಕೆ ಮರವನ್ನು ಒಬ್ಬರೇ ಹೆಗಲ ಮೇಲೆ ಹೊರುವುದನ್ನು ನೋಡಿದ್ದೀರಲ್ಲ. ಬುಡದ ಕಡೆ ಗಿಡ್ಡ, ತಲೆಯ ಕಡೆ ಉದ್ದ ಬಿಟ್ಟು, ಮುಂದಿನ ತುದಿಯನ್ನು ಒಂದು ಕೈಯಿಂದ ಮೆತ್ತಗೆ ಒತ್ತಿ ಹಿಡಿದಿರುತ್ತಾರೆ. ಹೆಗಲು ಹೊರುತ್ತದೆ, ಕೈ ಹದ ನೋಡುತ್ತದೆ. ವಿಮಾನದಲ್ಲಿ ಹೆಗಲಿನ ಕೆಲಸ ರೆಕ್ಕೆಯದ್ದು, ಕೈಯ ಕೆಲಸ ಬಾಲದ್ದು. ಕೈಯನ್ನು ತೆಗೆದುಬಿಟ್ಟರೆ ಹೆಗಲೇ ಎರಡೂ ಕೆಲಸ ಮಾಡಬೇಕು.

ರೆಕ್ಕೆಯನ್ನು ಗಾಳಿ ಎತ್ತುವ ಬಲವೆಲ್ಲ ಸೇರಿ ಒಂದು ಬಿಂದುವಿನಲ್ಲಿ ಕೆಲಸ ಮಾಡುತ್ತದೆ ಎಂದು ಲೆಕ್ಕ ಹಾಕಬಹುದು. ಅರ್ಧ ರೆಕ್ಕೆಯ ನಟ್ಟನಡುವೆ ಮುಂದಂಚು ಮೂಗಿಗಿಂತ 6 ಸೆಂ.ಮೀ. ಹಿಂದೆ ಇದೆ. ಅಲ್ಲಿಂದ ರೆಕ್ಕೆಯ ಅಗಲದ ಕಾಲು ಭಾಗ, ಅಂದರೆ 3 ಸೆಂ.ಮೀ. ಕೂಡಿಸಿ. ಒಟ್ಟು 9. ಗುರುತ್ವ ಕೇಂದ್ರ, ಅಂದರೆ ಇಡೀ ವಿಮಾನದ ಭಾರ ಸಮತೂಗುವ ಬಿಂದು, ಇದಕ್ಕಿಂತ ತುಸು ಮುಂದಿರಬೇಕು. ಆದ್ದರಿಂದ ಮೂಗಿನಿಂದ 8 ಸೆಂ.ಮೀ. ಹಿಂದೆ, ನಡುಗೆರೆಯ ಎರಡೂ ಬದಿ, ಕೆಳಗಡೆ ಪೆನ್ನಿನಿಂದ ಚುಕ್ಕಿ ಹಾಕಿ. ಬೇರೆ ಅಳತೆಯ ರೆಕ್ಕೆ ಮಾಡುವವರು ಇದೇ ಲೆಕ್ಕ ಹಿಡಿಯಬಹುದು.

ಈಗ ಎರಡು ಚುಕ್ಕಿಗಳ ಕೆಳಗೆ ಎರಡು ಬೆರಳಿಟ್ಟು ಎತ್ತಿ ನೋಡಿ. ಹಿಂಬದಿ ಧೊಪ್ಪೆಂದು ಬೀಳುತ್ತದೆ, ಯಾಕೆಂದರೆ ಬರೀ ಥರ್ಮಾಕೋಲಿನ ತೂಕ ಮೂಗಿನಿಂದ 12 ಸೆಂ.ಮೀ. ಹಿಂದೆ ಕೂತಿದೆ. ಮೂಗಿಗೆ ಒಂದು ರೂಪಾಯಿ ನಾಣ್ಯವನ್ನು ಟೇಪಿನಿಂದ ಅಂಟಿಸಿ. ಹೊಸ ನಾಣ್ಯ ಹೆಚ್ಚುಕಮ್ಮಿ 3ರಿಂದ 4 ಗ್ರಾಂ. ಅದರ ಮೇಲೆ ಕಡಲೆಕಾಳಿನಷ್ಟು ಕ್ಲೇ ಸೇರಿಸುತ್ತಾ, ಚಿವುಟುತ್ತಾ ಹೋದರೆ ರೆಕ್ಕೆ ಬೆರಳ ಮೇಲೆ ಸಮನಾಗಿ ನಿಲ್ಲುತ್ತದೆ.

ಮೂಗಿನ ಭಾರ ವಿಮಾನವನ್ನು ಕೆಳಕ್ಕೆ ಬಾಗಿಸುತ್ತದೆ. ಹಿಂದೆ ಮೇಲಕ್ಕೆ ಬಗ್ಗಿಸಿದ ಕಾಗದದ ಪಟ್ಟಿಯನ್ನು ಗಾಳಿ ಒತ್ತುವುದರಿಂದ ಹಿಂಬದಿ ತಗ್ಗಿ ಮೂಗು ಏಳುತ್ತದೆ. ವೇಗ ಹೆಚ್ಚಾದರೆ ಪಟ್ಟಿಯ ಒತ್ತಡ ಹೆಚ್ಚಿ ಮೂಗು ಮೇಲೆದ್ದು ವೇಗ ತಗ್ಗುತ್ತದೆ. ವೇಗ ತಗ್ಗಿದರೆ ಪಟ್ಟಿ ಸೋತು ಮೂಗು ಬಾಗಿ ಮತ್ತೆ ವೇಗ ಬರುತ್ತದೆ. ಚಾಲಕ ಇಲ್ಲ, ಮೋಟಾರಿಲ್ಲ, ವಿಮಾನ ತಾನೇ ತನ್ನನ್ನು ತಿದ್ದಿಕೊಳ್ಳುತ್ತದೆ. ಇದನ್ನು ಮೊದಲ ಸಲ ಕಂಡಾಗ ನನಗೆ ಕಣ್ಣು ತುಂಬಿ ಬಂದಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದ ಸಮತೋಲ ಅಂದು ನನ್ನ ಕಣ್ಣೆದುರೇ ತೇಲುತ್ತಿತ್ತು.

ಮರಗಳಿಗೆ ಈ ಹದ ಮೊದಲೇ ಗೊತ್ತು. ನಮ್ಮ ಗುಡ್ಡಗಳಲ್ಲಿ ಕತ್ತಿಯಂಥ ಉದ್ದ ಕಾಯಿ ಬಿಡುವ ಒಂದು ಮರ ಉಂಟು. ಮಲಯಾಳದಲ್ಲಿ ಪಲಕಪ್ಪಯ್ಯಾನಿ, ಆಯುರ್ವೇದದ ದಶಮೂಲದಲ್ಲಿ ಶ್ಯೋನಾಕ. ಕಾಯಿ ಒಡೆದರೆ ಈರುಳ್ಳಿ ಸಿಪ್ಪೆಯಂಥ ರೆಕ್ಕೆಯಿರುವ ಬೀಜಗಳು ಗಾಳಿಗೆ ತೇಲಿ ಹೋಗುತ್ತವೆ. ಜಾವಾದ ಕಾಡಿನ ಅಲ್ಸೊಮಿಟ್ರಾ ಎಂಬ ಬಳ್ಳಿಯ ಬೀಜ ಇನ್ನೂ ದೊಡ್ಡದು, ಸುಮಾರು 13 ಸೆಂ.ಮೀ. ಅಗಲದ ರೆಕ್ಕೆಯದು. ಅದನ್ನು ನೋಡಿಯೇ ಆಸ್ಟ್ರಿಯಾದ ಇಗೊ ಎಟ್ರಿಚ್ ಕಳೆದ ಶತಮಾನದ ಆರಂಭದಲ್ಲಿ ಬಾಲವಿಲ್ಲದ ಗ್ಲೈಡರ್ ಕಟ್ಟಿದ. ಕಾಯಿ ಸಿಕ್ಕಿದರೆ ಮಕ್ಕಳ ಕೈಗೆ ಒಂದೊಂದು ಬೀಜ ಕೊಟ್ಟು, ಭಾರ ಎಲ್ಲಿ ಕೂತಿದೆ ಎಂದು ಹುಡುಕಲು ಹೇಳಿ.

ಹಾರಿಸುವುದು

ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ. ಹತ್ತು ಗಂಟೆ ದಾಟಿತೆಂದರೆ ಪಡುಗಾಳಿ ಏಳಲು ಶುರು, ಹದಿಮೂರು ಗ್ರಾಮಿನ ವಿಮಾನ ಅದಕ್ಕೆ ಕಸಕ್ಕೆ ಸಮ. ಪೊಸಡಿ ಗುಂಪೆ ಗುಡ್ಡದ ನೆತ್ತಿಯಿಂದ ಬಿಡಬೇಕೆಂದು ಮಕ್ಕಳಿಗೆ ಆಸೆ. ಆ ಗಾಳಿಗೆ ಇದು ತಡೆಯುವುದಿಲ್ಲ. ನಾವು ಶಾಲೆಯ ಹಿಂದಿನ ಪದವಿನಲ್ಲಿ ಹುಲ್ಲಿರುವ ಕಡೆ ಹಾರಿಸುತ್ತೇವೆ. ಮುರಕಲ್ಲಿನ ಮೇಲೆ ಇಳಿಸಿದರೆ ಮೂಗು ಜಜ್ಜಿಹೋಗುತ್ತದೆ.

ಹೊಟ್ಟೆಯ ಮಡಿಕೆಯನ್ನು ಹಿಡಿದು, ಮೂಗನ್ನು ಒಂದಿಷ್ಟೇ ತಗ್ಗಿಸಿ, ಎದೆಯ ಎತ್ತರದಿಂದ, ನಡೆಯುವ ವೇಗದಲ್ಲಿ ಮುಂದಕ್ಕೆ ಕಳುಹಿಸಿ. ಮಾವಿನಕಾಯಿಗೆ ಕಲ್ಲು ಹೊಡೆದಂತೆ ಬೀಸಿದರೆ ಮೂಗು ಮೇಲೆದ್ದು ಪಲ್ಟಿ ಹೊಡೆಯುತ್ತದೆ.

ನೇರ ನೆಲಕ್ಕೆ ಮೂಗು ಕುಕ್ಕಿದರೆ ಪಟ್ಟಿಗಳನ್ನು ಇನ್ನೊಂದು ಮಿ.ಮೀ. ಮೇಲಕ್ಕೆತ್ತಿ. ಮೂಗು ಎದ್ದು, ತಡೆದು, ಕುಸಿದು, ಮತ್ತೆ ಎದ್ದು ತೆರೆಯ ಹಾಗೆ ಹೋದರೆ ಪಟ್ಟಿಗಳನ್ನು ಇಳಿಸಿ. ಪಟ್ಟಿ ಚಪ್ಪಟೆಯಾದರೂ ತೆರೆ ನಿಲ್ಲದಿದ್ದರೆ ಭಾರ ಹಿಂದಿದೆ ಎಂದರ್ಥ, ಮೂಗಿಗೆ ಕ್ಲೇ ಸೇರಿಸಿ. ಎಡಕ್ಕೆ ವಾಲಿ ತಿರುಗಿದರೆ ಬಲಗಡೆಯ ಪಟ್ಟಿಯನ್ನು ಅರ್ಧ ಮಿ.ಮೀ. ಎತ್ತಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೆ ಮೂರು ಹಾರಾಟ. ಮಕ್ಕಳು ಒಟ್ಟಿಗೆ ಎರಡು ಮೂರು ಕಡೆ ಕೈಯಾಡಿಸಿ, ಯಾವುದರಿಂದ ಏನಾಯಿತು ಎಂದು ತಿಳಿಯದೆ ಅಳುಮುಖ ಮಾಡಿ ಬರುತ್ತಾರೆ. ಹಾಗಾದರೆ ಮತ್ತೆ 8 ಸೆಂ.ಮೀ. ಚುಕ್ಕಿಯಿಂದಲೇ ಆರಂಭಿಸಿ.

ಒಮ್ಮೆ ನಾಣ್ಯವನ್ನು ತೆಗೆದು ಬಿಟ್ಟು ನೋಡಿ. ತಲೆಕೆಳಗಾಗಿ ಉರುಳುತ್ತಾ ಬೀಳುತ್ತದೆ. ಈ ಹೊತ್ತಿಗೆ ನಾನು ಮಕ್ಕಳನ್ನು ಹುಲ್ಲಿನಲ್ಲಿ ಕೂರಿಸಿ ಜ್ಯಾಕ್ ನಾರ್ತ್ರಪ್‌ನ ಕಥೆ ಹೇಳುತ್ತೇನೆ. ಮೈ, ಬಾಲ ಎಲ್ಲ ಬಿಟ್ಟು ಬರೀ ರೆಕ್ಕೆಯನ್ನೇ ಹಾರಿಸಬೇಕೆಂದು ಜೀವನವಿಡೀ ದುಡಿದ ಅಮೆರಿಕದ ಎಂಜಿನಿಯರ್ ಆತ. 1947ರಲ್ಲಿ ಆತನ ವೈಬಿ-49 ಎಂಬ ಜೆಟ್ ರೆಕ್ಕೆ ಹಾರಿತು, ತುದಿಯಿಂದ ತುದಿಗೆ 172 ಅಡಿ. ಮರುವರ್ಷ ಅಂಥದ್ದೊಂದು ಆಕಾಶದಲ್ಲೇ ಮುರಿದು ಐವರು ಸತ್ತರು. ಅವರಲ್ಲೊಬ್ಬನಾದ ಗ್ಲೆನ್ ಎಡ್ವರ್ಡ್ಸ್‌ನ ಹೆಸರನ್ನು ಕ್ಯಾಲಿಫೋರ್ನಿಯಾದ ಮರುಭೂಮಿಯ ವಾಯುನೆಲೆಗೆ ಇಟ್ಟರು. ಯೋಜನೆ ನಿಂತುಹೋಯಿತು. ಮೂವತ್ತು ವರ್ಷ ಕಳೆದ ಮೇಲೆ, 1980ರಲ್ಲಿ, ಕಾಯಿಲೆ ಬಿದ್ದಿದ್ದ ನಾರ್ತ್ರಪ್‌ಗೆ ಇನ್ನೂ ಗುಟ್ಟಾಗಿದ್ದ ಒಂದು ವಿಮಾನದ ಮಾದರಿಯನ್ನು ತೋರಿಸಿದರು. ಮರುವರ್ಷ ಆತ ತೀರಿಕೊಂಡ. 1989ರಲ್ಲಿ ಆ ವಿಮಾನ ಹಾರಿತು. ಅದೇ ಬಿ-2 ಬಾಂಬರ್. ಅದರ ರೆಕ್ಕೆಯೂ 172 ಅಡಿ. ನಡುವೆ ಬಂದದ್ದು ಕಂಪ್ಯೂಟರು. ನಾವು ಪಟ್ಟಿಯನ್ನು ಅರ್ಧ ಮಿ.ಮೀ. ಬಗ್ಗಿಸಿ ಮಾಡುವ ತಿದ್ದುಪಡಿಯನ್ನು ಅದು ಕ್ಷಣಕ್ಷಣಕ್ಕೂ ಮಾಡುತ್ತದೆ.

ಎಡ್ವರ್ಡ್ಸ್ ನೆಲೆಯಿಂದಲೇ 2007ರಲ್ಲಿ ನಾಸಾ ಮತ್ತು ಬೋಯಿಂಗಿನ ಎಕ್ಸ್-48ಬಿ ಹಾರತೊಡಗಿತು. ಒಳಗೆ ಮನುಷ್ಯರಿಲ್ಲದ, ಸುಮಾರು 6 ಮೀಟರ್ ರೆಕ್ಕೆಯ ಮಾದರಿ. ಏರ್‌ಬಸ್ ಕಂಪನಿಯವರು 2019ರಲ್ಲಿ ಹಾರಿಸಿದ ಮಾವೆರಿಕ್ ಇನ್ನೂ ಚಿಕ್ಕದು, 2 ಮೀಟರ್ ಉದ್ದ, 3.2 ಮೀಟರ್ ಅಗಲ. ಈ ಆಕಾರದಿಂದ ಇಂಧನ 20 ಶೇಕಡಾದವರೆಗೆ ಉಳಿಯಬಹುದು ಎಂಬುದು ಅವರ ಅಂದಾಜು. ಅಷ್ಟು ದೊಡ್ಡ ಕಂಪನಿಯೂ ಮೊದಲು ಆಟಿಕೆಯಂಥದ್ದನ್ನೇ ಮಾಡಿ ನೋಡುತ್ತದೆ ಎಂದು ಕೇಳಿದಾಗ ಮಕ್ಕಳು ಕೈಯಲ್ಲಿರುವ ಥರ್ಮಾಕೋಲನ್ನು ಹಿಡಿಯುವ ರೀತಿಯೇ ಬದಲಾಗುತ್ತದೆ.

ಹಾಗಿದ್ದರೆ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಂಥದ್ದು ಯಾಕೆ ಇಳಿಯುವುದಿಲ್ಲ? ಗ್ಯಾಸ್ ಸಿಲಿಂಡರನ್ನು ತೋರಿಸಿ. ಒಳಗೆ ಒತ್ತಡವಿರುವ ಪಾತ್ರೆ ಉರುಟಾಗಿದ್ದರೆ ತೆಳು ತಗಡೂ ತಡೆಯುತ್ತದೆ. ಚಪ್ಪಟೆ ಪೆಟ್ಟಿಗೆಯಾದರೆ ಉಬ್ಬಿ ಒಡೆಯದಂತೆ ಒಳಗೆಲ್ಲ ಆಧಾರ ಕೊಡಬೇಕು, ಅದರಿಂದ ಭಾರ ಹೆಚ್ಚುತ್ತದೆ. ಅಗಲವಾದ ಕೋಣೆಯ ಅಂಚಿನಲ್ಲಿ ಕೂತವರು ವಿಮಾನ ವಾಲುವಾಗ ತೊಟ್ಟಿಲಲ್ಲಿ ಕೂತ ಹಾಗೆ ಏರಿಳಿಯುತ್ತಾರೆ. ಅರ್ಧ ಬಾಗಿಲು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬೇಕೆಂಬ ನಿಯಮವೂ ಇದೆ. ಇವೆಲ್ಲ ಬಗೆಹರಿಯದ ಸಮಸ್ಯೆಗಳಲ್ಲ. ಆದರೆ ಒಂದೊಂದೂ ಉಳಿಸಿದ ಇಂಧನದಲ್ಲಿ ತನ್ನ ಪಾಲು ಕೇಳುತ್ತದೆ.

ಕೈ ಕುದುರಿದ ಮೇಲೆ ಇನ್ನೆರಡು

ಬಾಲವನ್ನು ಮುಂದಿಡುವುದು ಒಂದು. 36 ಸೆಂ.ಮೀ. ಬಿದಿರ ಕಡ್ಡಿಯ ಮುಂದಿನ ತುದಿಯಲ್ಲಿ 16 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಪುಟ್ಟ ರೆಕ್ಕೆ, ಹಿಂದಿನ ತುದಿಯಲ್ಲಿ 40 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ದೊಡ್ಡ ರೆಕ್ಕೆ, ಅದರ ಮೇಲೆ ನೆಟ್ಟಗೆ ಒಂದು ತ್ರಿಕೋನ. ಪುಟ್ಟ ರೆಕ್ಕೆಯ ಮುಂದಂಚು 4 ಮಿ.ಮೀ. ಮೇಲೆದ್ದಿರಬೇಕು. ಭಾರ ದೊಡ್ಡ ರೆಕ್ಕೆಯ ಮುಂದಂಚಿಗಿಂತ 6-7 ಸೆಂ.ಮೀ. ಮುಂದೆ ಸಮತೂಗಬೇಕು. ವೇಗ ತಗ್ಗಿದಾಗ ಪುಟ್ಟ ರೆಕ್ಕೆ ಮೊದಲು ಸೋಲುವುದರಿಂದ ಮೂಗು ತಾನೇ ಬಾಗಿ ವಿಮಾನ ಚೇತರಿಸಿಕೊಳ್ಳುತ್ತದೆ. ಇದು ಹೊಸತಲ್ಲ. 1903ರಲ್ಲಿ 12 ಸೆಕೆಂಡು ಹಾರಿದ ರೈಟ್ ಸಹೋದರರ ವಿಮಾನವೂ ಹೀಗೆಯೇ ಇತ್ತು. 1986ರಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸದೆ, ಒಂಬತ್ತು ದಿನದಲ್ಲಿ ಭೂಮಿ ಸುತ್ತಿದ ವಾಯೇಜರ್ ಕೂಡ ಇದೇ ಜಾತಿ. ಬೆಂಗಳೂರಿನ ವಿಮಾನ ಸಂಶೋಧನೆಯ ಎನ್‌ಎಎಲ್ ಸಂಸ್ಥೆಯವರು 1980ರ ದಶಕದಲ್ಲಿ ಇಂಥ ಎರಡು ಸೀಟಿನ ವಿಮಾನವನ್ನು ಕಟ್ಟಿ ಹಾರಿಸಿದ್ದರು.

ಇನ್ನೊಂದು ಬಳೆ ವಿಮಾನ. ಎ4 ಕಾಗದದ ಉದ್ದದ ಅಂಚನ್ನು ಒಂದೂವರೆ ಸೆಂ.ಮೀ.ನಂತೆ ಆರು ಸಲ ಮಡಚಿ, ಮಡಿಕೆ ಒಳಗೆ ಬರುವಂತೆ ಬಳೆಯಾಗಿ ಸುತ್ತಿ, ತುದಿಗಳನ್ನು ಒಂದರೊಳಗೊಂದು ತೂರಿಸಿ. ಭಾರದ ಅಂಚು ಮುಂದೆ. ಕೈ ಬಿಡುವಾಗ ಸ್ವಲ್ಪ ತಿರುಪು ಕೊಡಿ. ಫ್ರಾನ್ಸಿನವರು 1959ರಲ್ಲಿ ಕೊಲಿಯಾಪ್ಟರ್ ಎಂಬ ಬಳೆರೆಕ್ಕೆಯ ಜೆಟ್ಟನ್ನು ಬಾಲದ ಮೇಲೆ ನಿಲ್ಲಿಸಿ ನೆಟ್ಟಗೆ ಮೇಲಕ್ಕೆ ಹಾರಿಸಿದರು. ನೆಟ್ಟಗಿನಿಂದ ಅಡ್ಡಕ್ಕೆ ತಿರುಗುವಾಗ ಅದು ಹಿಡಿತ ತಪ್ಪಿ ಬಿತ್ತು, ಚಾಲಕ ಹಾರಿಕೊಂಡು ಬದುಕಿದ.

ಬ್ಯಾಟರಿಯ ಪಾಠ

ಕೊನೆಗೊಂದು ಪ್ರಯೋಗ. ಸರಿಯಾಗಿ ಹಾರುವ ರೆಕ್ಕೆಯ 8 ಸೆಂ.ಮೀ. ಚುಕ್ಕಿಯ ಮೇಲೆಯೇ ಇನ್ನೆರಡು ನಾಣ್ಯ ಅಂಟಿಸಿ. ಸಮತೋಲ ಕೆಡುವುದಿಲ್ಲ. ಹೆಚ್ಚುಕಮ್ಮಿ ಅದೇ ಇಳಿಜಾರಿನಲ್ಲೇ ಹೋಗುತ್ತದೆ, ಆದರೆ ಸುಮಾರು ಕಾಲುಭಾಗ ಹೆಚ್ಚು ವೇಗದಲ್ಲಿ. ನೆಲಕ್ಕೂ ಅಷ್ಟು ಬೇಗ ಮುಟ್ಟುತ್ತದೆ. ಭಾರವನ್ನು ಆಕಾಶದಲ್ಲಿ ಹಿಡಿದಿಡಲು ಪ್ರತಿ ಸೆಕೆಂಡಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ ಎಂಬುದನ್ನು ಗಡಿಯಾರ ಹಿಡಿದು ನೋಡಬಹುದು.

ಬ್ಯಾಟರಿಯಿಂದ ಹಾರುವ ವಿಮಾನದ ತೊಡಕೂ ಈ ಭಾರವೇ. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12,000 ವಾಟ್-ಗಂಟೆ ಶಕ್ತಿ ಇದೆ. ಒಂದು ಕಿಲೋ ಒಳ್ಳೆಯ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 250. ವಿದ್ಯುತ್ ಮೋಟಾರು ಶಕ್ತಿಯನ್ನು ಕಡಿಮೆ ಪೋಲು ಮಾಡುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದರೂ ಅಂತರ ದೊಡ್ಡದೇ. ಇಂಧನ ಉರಿದಂತೆ ವಿಮಾನ ಹಗುರಾಗುತ್ತದೆ. ಬ್ಯಾಟರಿ ಹೊರಟಾಗ ಎಷ್ಟು ತೂಕವೋ ಇಳಿಯುವಾಗಲೂ ಅಷ್ಟೇ. 2016ರಲ್ಲಿ ಬಿಸಿಲನ್ನೇ ನಂಬಿ ಭೂಮಿ ಸುತ್ತಿ ಮುಗಿಸಿದ ಸೋಲಾರ್ ಇಂಪಲ್ಸ್-2 ನಡುವೆ ಅಹಮದಾಬಾದಿನಲ್ಲೂ ವಾರಾಣಸಿಯಲ್ಲೂ ಇಳಿದಿತ್ತು. 72 ಮೀಟರ್ ರೆಕ್ಕೆ ಹೊತ್ತು ಅದು ಸಾಗಿಸಿದ್ದು ಒಬ್ಬನೇ ಒಬ್ಬ ಚಾಲಕನನ್ನು.

ಚಿತ್ರ ತಂದ ಹುಡುಗಿ ಆ ವರ್ಷ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದಳು. ಅವಳ ಅಜ್ಜಿಗೆ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಬೇಕಿತ್ತು. "ನೆಟ್ಟಗೆ ಏರುವ ಕರೆಂಟಿನ ಟ್ಯಾಕ್ಸಿ ಬಂದರೆ ಅಜ್ಜಿಯನ್ನು ಕರಕೊಂಡು ಹೋಗಲಿಕ್ಕೆ ಆಗ್ತದಾ ಟೀಚರ್?" ಲೆಕ್ಕ ಮಾಡಿ ನೋಡುವ ಎಂದೆ. ಕಾಸರಗೋಡಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 50 ಕಿ.ಮೀ. ಅಮೆರಿಕದ ಜೋಬಿ ಕಂಪನಿಯ ಅಂಥ ವಿಮಾನ 2021ರಲ್ಲಿ ಒಂದೇ ಚಾರ್ಜಿನಲ್ಲಿ 154 ಮೈಲಿ, ಅಂದರೆ 248 ಕಿ.ಮೀ. ಹಾರಿತ್ತು, ಆದರೆ ಒಳಗೆ ಜನರಿರಲಿಲ್ಲ. ಅಜ್ಜಿ, ಜತೆಗೊಬ್ಬರು, ಚಾಲಕ ಎಂದು ಭಾರ ಕೂಡಿಸಿದೆವು. ಇಳಿಯಲಾಗದೆ ಹಿಂದಿರುಗಬೇಕಾಗಿ ಬಂದರೆ ಎಂದು ಅರ್ಧ ಬ್ಯಾಟರಿ ಬದಿಗಿಟ್ಟೆವು. ಆದರೂ 50 ಕಿ.ಮೀ. ಎಟುಕುವಷ್ಟೇ ದೂರ. ಆಷಾಢದ ಮಳೆಯಲ್ಲಿ ಏನು, ದುಡ್ಡೆಷ್ಟು, ಆಸ್ಪತ್ರೆಯ ಹತ್ತಿರ ಇಳಿಯುವ ಜಾಗ ಎಲ್ಲಿ ಎಂದು ಅವಳೇ ಒಂದೊಂದಾಗಿ ನೋಟಿನಲ್ಲಿ ಬರೆದುಕೊಂಡಳು. ಈಗ ಅವಳು ಪಾಲಿಟೆಕ್ನಿಕ್ಕಿನಲ್ಲಿದ್ದಾಳೆ.

ಹಾರಿಸಿದ ಪ್ರತಿ ರೆಕ್ಕೆಯ ಹೊಟ್ಟೆಯ ಮೇಲೆ ಮೂರು ಅಂಕಿ ಬರೆದಿಡಿ: ಭಾರದ ಚುಕ್ಕಿ ಎಷ್ಟು ಸೆಂ.ಮೀ., ಪಟ್ಟಿ ಎಷ್ಟು ಮಿ.ಮೀ., ಎಷ್ಟು ಹೆಜ್ಜೆ ದೂರ. ಮಳೆಗಾಲದಲ್ಲಿ ಕಾಗದದ ಪಟ್ಟಿ ತೇವ ಹೀರಿ ಬಾಗುವುದರಿಂದ ನೇತುಹಾಕಿಯೇ ಇಡಬೇಕು. ಲ್ಯಾಬಿನ ಪಕ್ಕಾಸಿಗೆ ಕಟ್ಟಿದ ಹಗ್ಗದಲ್ಲಿ ನಮ್ಮವು ಹತ್ತೊಂಬತ್ತು ಇವೆ. ಆಟದ ಬಯಲಿನ ಮೂರು ಮೀಟರ್ ಎತ್ತರದ ಬರೆಯ ಮೇಲಿಂದ ಬಿಟ್ಟದ್ದರಲ್ಲಿ ಎಲ್ಲಕ್ಕಿಂತ ದೂರ ಹೋದದ್ದು ಹೋದ ಡಿಸೆಂಬರಿನ ಒಂದು: 8, 2, 31 ಹೆಜ್ಜೆ.